ಕೃಷಿ ಸಹಾಯಧನ: ಹಣ ಸೇರುವುದು ಯಾರ ಖಾತೆಗೆ?

ಹಾವೇರಿಯಂತಹ ಕೃಷಿಪ್ರಧಾನ ಜಿಲ್ಲೆಯಲ್ಲಿ ಶುದ್ಧ ವರ್ತಕರೆಂಬವರು ವಿರಳ. ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೂ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೂ ಊರಿನಲ್ಲಿ ನಾಲ್ಕೆಕರೆ ಪಿತ್ರಾರ್ಜಿತ ಜಮೀನಿರುವುದು ಸಾಮಾನ್ಯ. ಆದ್ದರಿಂದ ಲೆಕ್ಕಪತ್ರ ಪರಿಶೀಲಿಸುವಾಗ ಪಾಸ್‌ಪುಸ್ತಕದಲ್ಲಿ 2,000 ರೂಪಾಯಿಗಳ ಪಿಎಂ ಕಿಸಾನ್ ಜಮೆ ಕಂಡುಬಂದರೆ ಅಚ್ಚರಿಪಡಬೇಕಾಗಿಲ್ಲ. ಆ ಹಣಕ್ಕೆ ಅವರು ಅರ್ಹರೇ ಎಂಬುದು ಬೇರೆಯೇ ಪ್ರಶ್ನೆ.

2019ರ ಫೆಬ್ರವರಿಯಲ್ಲಿ ಚಾಲನೆಗೊಂಡ ಈ ಯೋಜನೆಯಡಿ ವಾರ್ಷಿಕ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೀಡಲಾಗುತ್ತದೆ. ಮೊದಲಿದ್ದ ಎರಡು ಹೆಕ್ಟೇರ್ ಮಿತಿಯನ್ನು ಅದೇ ವರ್ಷದ ಜೂನ್‌ನಿಂದ ತೆಗೆದುಹಾಕಲಾಯಿತು. ಇಲ್ಲಿ ಗಮನಿಸಬೇಕಾದುದು ಅರ್ಹತೆಯ ಆಧಾರ. ಉಳುಮೆಯಲ್ಲ, ಭೂದಾಖಲೆಯೇ ಆ ಆಧಾರ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಪಹಣಿಯಿದ್ದು ಪೌತಿ ಖಾತೆಯಾಗದಿದ್ದರೆ, ಆ ಹೊಲದಲ್ಲಿ ದಿನವೂ ದುಡಿಯುವ ಮೊಮ್ಮಕ್ಕಳಿಗೆ ಹಣ ದೊರೆಯದು.

ಇದರಿಂದ ಹೆಚ್ಚು ವಂಚಿತರಾಗುವವರು ಲಾವಣಿದಾರರು. 1974ರ ಭೂಸುಧಾರಣಾ ತಿದ್ದುಪಡಿಯು ಕೆಲವೇ ಅಪವಾದಗಳ ಹೊರತು ಕೃಷಿಭೂಮಿಯ ಗೇಣಿಯನ್ನು ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಬರಹವಿಲ್ಲದ ಒಪ್ಪಂದವನ್ನು ಯಾವ ಕಚೇರಿಯೂ ಮಾನ್ಯ ಮಾಡದು. ಬೀಜ, ಗೊಬ್ಬರ, ಆಳಿನ ಕೂಲಿ, ಮಳೆಯ ಭಯ ಎಲ್ಲವೂ ಲಾವಣಿದಾರನದು. ಕಂತಿನ ಹಣ ಮಾತ್ರ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಪಹಣಿದಾರನದು. ಬೆಳೆಹಾನಿ ಪರಿಹಾರವೂ ಬಹುಮಟ್ಟಿಗೆ ಇದೇ ದಾರಿ ಹಿಡಿಯುತ್ತದೆ. ಕೆಲವು ಮಾಲೀಕರು ಅದರಲ್ಲಿ ಪಾಲು ಕೊಡುವುದುಂಟು, ಆದರೆ ಅದು ಅವರ ಸೌಜನ್ಯವೇ ಹೊರತು ಲಾವಣಿದಾರನ ಹಕ್ಕಲ್ಲ.

ರಸಗೊಬ್ಬರದ ಸಹಾಯಧನದ ರೀತಿಯೇ ಬೇರೆ. 2018ರಿಂದ ಅಂಗಡಿಯ ಯಂತ್ರದಲ್ಲಿ ಮಾರಾಟ ದಾಖಲಾದ ನಂತರ ಸರ್ಕಾರವು ಆ ಮೊತ್ತವನ್ನು ತಯಾರಕ ಕಂಪನಿಗೆ ಪಾವತಿಸುತ್ತದೆ. ಜಿಲ್ಲೆಯ ಯಾವ ರೈತನ ಖಾತೆಯಲ್ಲಿಯೂ ಅದು ಕಾಣದು. ಆದರೂ ಚೀಲವನ್ನು ಕಡಿಮೆ ದರಕ್ಕೆ ಕೊಳ್ಳುವವನು ಲಾವಣಿದಾರನೇ ಆದ್ದರಿಂದ ಪ್ರಯೋಜನ ಅವನನ್ನು ಮುಟ್ಟುತ್ತದೆ. ರೈತನ ಕೈಗೇ ನಗದು ನೀಡಬೇಕೆಂದು ವಾದಿಸುವವರು ಈ ವ್ಯತ್ಯಾಸವನ್ನು ಅಷ್ಟಾಗಿ ಪರಿಗಣಿಸಿದಂತಿಲ್ಲ.

ಇನ್ನು ನಮ್ಮ ಸದಸ್ಯರ ವಿಷಯ. ಪತಿ, ಪತ್ನಿ ಹಾಗೂ ಅಪ್ರಾಪ್ತ ಮಕ್ಕಳನ್ನು ಒಂದು ಕುಟುಂಬವೆಂದು ಪರಿಗಣಿಸಲಾಗುತ್ತದೆ. ಇವರಲ್ಲಿ ಒಬ್ಬರು ಹಿಂದಿನ ಕರನಿರ್ಧರಣಾ ವರ್ಷದಲ್ಲಿ ಆದಾಯ ತೆರಿಗೆ ಪಾವತಿಸಿದ್ದರೂ ಇಡೀ ಕುಟುಂಬ ಅನರ್ಹ. ಅಂಗಡಿ ಪತಿಯದು, ಪಹಣಿ ಪತ್ನಿಯದು ಎಂಬ ಸಮಾಧಾನ ಇಲ್ಲಿ ನಡೆಯದು. ಬ್ಯಾಂಕ್ ಸಾಲಕ್ಕಾಗಿ ಶೂನ್ಯ ತೆರಿಗೆಯ ವಿವರಪಟ್ಟಿ ಸಲ್ಲಿಸಿದ ಮಾತ್ರಕ್ಕೆ ಅನರ್ಹತೆ ಬಾರದು. ತೆರಿಗೆ ಪಾವತಿಯಾಗಿದೆಯೇ ಎಂಬುದೇ ಮುಖ್ಯ. ವೃತ್ತಿನಿರತ ವೈದ್ಯರು, ವಕೀಲರು, ಎಂಜಿನಿಯರರು ಹಾಗೂ ಸನ್ನದು ಲೆಕ್ಕಪರಿಶೋಧಕರೂ ಹೊರಗೇ. ಈ ಲೇಖಕನ ಪಾಲಿನ ಹೊಲಕ್ಕೂ ಅದೇ ಗತಿ!

ಅನರ್ಹರಿಗೆ ಸಂದ ಹಣವನ್ನು ಸರ್ಕಾರ ವಸೂಲು ಮಾಡುತ್ತಿದೆ. ನೋಟೀಸು ಬರುವವರೆಗೆ ಕಾಯದೆ, ಪಡೆದ ಕಂತುಗಳನ್ನು ಪಾಸ್‌ಪುಸ್ತಕದೊಡನೆ ತಾಳೆ ನೋಡಿ ಯೋಜನೆಯ ಜಾಲತಾಣದ ಮೂಲಕ ಮರಳಿಸಿ, ರಸೀದಿಯನ್ನು ಆ ವರ್ಷದ ಲೆಕ್ಕಪತ್ರಗಳೊಂದಿಗೆ ಇರಿಸಿಕೊಳ್ಳತಕ್ಕದ್ದು.