ಅಜ್ಜನ ಟ್ರಂಕಿನಲ್ಲೊಂದು ರಿವಾಲ್ವರ್

ಅಜ್ಜ ತೀರಿಕೊಂಡರು. ತಿಥಿ ಮುಗಿದ ಮೇಲೆ ಅಟ್ಟದ ಟ್ರಂಕ್ ಇಳಿಸಿ ನೋಡಿದರೆ, ಹಳೇ ಪಂಚೆಯಲ್ಲಿ ಸುತ್ತಿಟ್ಟ ರಿವಾಲ್ವರ್! ಮೊಮ್ಮಕ್ಕಳ ಮೊದಲ ಪ್ರಶ್ನೆ ಏನು ಗೊತ್ತಾ? "ಇದಕ್ಕೆ ಎಷ್ಟು ಬರುತ್ತೆ?" ಅಲ್ಲ ಸ್ವಾಮಿ, ಮೊದಲು ಕೇಳಬೇಕಾದ್ದು "ಇದರ ಲೈಸೆನ್ಸ್ ಎಲ್ಲಿ?" ಅಂತ.

"ನೂರು ವರ್ಷದ ಹಳೇ ವಸ್ತು, ಅದಕ್ಯಾಕೆ ಲೈಸೆನ್ಸು?" ಅನ್ನೋರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪುರಾತನ ಆಯುಧಕ್ಕೆ ವಿನಾಯಿತಿ ಕೊಡುತ್ತೆ, ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿ ಅದು ಇರಬೇಕು. ಹಾರುತ್ತೆ ಅಂದ್ರೆ ಲೈಸೆನ್ಸ್ ಬೇಕೇ ಬೇಕು. ಇಲ್ಲದಿದ್ದರೆ, 2019ರ ತಿದ್ದುಪಡಿಯ ನಂತರ, ಸಾಮಾನ್ಯವಾಗಿ ಕನಿಷ್ಠ 2 ವರ್ಷ ಜೈಲು.

ಹಾಗಾದರೆ ಏನು ಮಾಡಬೇಕು? ಟ್ರಿಗರ್ ಮುಟ್ಟಬೇಡಿ, ಒಳಗೆ ಗುಂಡು ಇರಬಹುದು. ಠಾಣೆಗೆ ತಿಳಿಸಿ. ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿ ಬಳಿಯೋ ಒಪ್ಪಿಸಿ, ರಸೀದಿ ಪಡೆಯಿರಿ. ಅಜ್ಜನ ಹೆಸರಲ್ಲೂ ಲೈಸೆನ್ಸ್ ಇರಲಿಲ್ಲ ಅಂದ್ರೆ ಮೊದಲು ವಕೀಲರನ್ನು ಕೇಳಿ. ಲೈಸೆನ್ಸ್ ಇದ್ದಿದ್ದರೆ ವಾರಸುದಾರರು ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಜಿಲ್ಲಾಧಿಕಾರಿಗೆ, ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್‌ಗೆ, ತಮ್ಮ ಹೆಸರಲ್ಲಿ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು.

ಇನ್ನು ಬೆಲೆಯ ಮಾತು. ಉದಾಹರಣೆಗೆ ಅದು ವೆಬ್ಲಿ ಮಾರ್ಕ್ 6 ಅಂತಿಟ್ಟುಕೊಳ್ಳಿ. 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದದ್ದು, ಆರು ಗುಂಡಿನದು. ಬಲ್ಲವರು ಮೊದಲು ನೋಡೋದು ಮೈಮೇಲಿನ ಅಕ್ಷರ: ಕಂಪನಿ ಹೆಸರು, ಮಾದರಿ, ಇಸವಿ. ಬಾಣದ ಗುರುತಿದ್ದರೆ ಬ್ರಿಟಿಷ್ ಸರ್ಕಾರದ ಸ್ವತ್ತಾಗಿತ್ತು ಅಂತರ್ಥ. ಚೌಕಟ್ಟಿನ ನಂಬರೂ ಗುಂಡು ತುಂಬುವ ಸಿಲಿಂಡರಿನ ನಂಬರೂ ಒಂದೇ ಆಗಿದ್ದರೆ ಬೆಲೆ ಹೆಚ್ಚು. ಬೇರೆ ಗುಂಡು ಹಿಡಿಸಲೆಂದು ಸಿಲಿಂಡರ್ ಕೊರೆದಿದ್ದರೆ ಕಡಿಮೆ. ಹೊಳೆಯಲಿ ಅಂತ ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದಿರೋ, ಬೆಲೆಯೂ ಹೋಯ್ತು. ನಂಬರ್ ಅಳಿಸಿದರೆ ಅದೇ ಇನ್ನೊಂದು ಅಪರಾಧ.

ಎಲ್ಲಕ್ಕಿಂತ ದೊಡ್ಡದು ಬೋರ್. ಮಾರ್ಕ್ 6ರದ್ದು ಪಾಯಿಂಟ್ 455. ನಮ್ಮಲ್ಲಿ ಇದು ನಿರ್ಬಂಧಿತ ವರ್ಗ, ಕೊಳ್ಳುವ ಅರ್ಹತೆ ಇರುವವರೇ ಕಡಿಮೆ. ಅದೇ ಪಾಯಿಂಟ್ 32ರ ಹಳೇ ವೆಬ್ಲಿಗೆ ಗಿರಾಕಿ ಹೆಚ್ಚು. 1980ರ ದಶಕದಲ್ಲಿ ಆಮದು ನಿಂತ ಮೇಲೆ ವಿದೇಶಿ ಮಾಲು ಅಪರೂಪ. ಅಮೆರಿಕದ ಹರಾಜಿನ ರೇಟು ನೋಡಿ ಹಿಗ್ಗಬೇಡಿ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತೆ.

ಆದ್ದರಿಂದ ಟ್ರಂಕಿನ ತಳವನ್ನು ಇನ್ನೊಂದ್ಸಲ ತಡಕಾಡಿ. ಹಳದಿಗೆ ತಿರುಗಿದ ಲೈಸೆನ್ಸ್ ಪುಸ್ತಕ ಸಿಕ್ಕರೆ, ರಿವಾಲ್ವರ್‌ಗಿಂತ ಜೋಪಾನವಾಗಿ ಎತ್ತಿಡಿ.