ಟಿಕೇಟಿನ ಬೆನ್ನು

ಸಾಲ ಕೊಡುವವನು ಪತ್ರ ಬರೆಯಿಸಿಕೊಳ್ಳುತ್ತಾನೆ. ಸಾಕ್ಷಿಗಳ ರುಜು ಹಾಕಿಸುತ್ತಾನೆ. ಅಷ್ಟಾದರೂ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಾನೆ. ಅದೇ ಮನುಷ್ಯನು ಬಸ್ಸು ಹತ್ತಿದನೆಂದರೆ, ಹೆಸರು ಊರು ಒಂದನ್ನೂ ಅರಿಯದ ಕಂಡಕ್ಟರಿಗೆ ನೂರು ರೂಪಾಯಿಯ ನೋಟನ್ನು ಕೊಟ್ಟು, ಟಿಕೇಟಿನ ಬೆನ್ನ ಮೇಲೆ ಅವರು ಗೀಚಿಕೊಟ್ಟ ಒಂದು ಅಂಕಿಯನ್ನು ನಂಬಿ ಕುಳಿತುಬಿಡುತ್ತಾನೆ. ರುಜುವಿಲ್ಲ, ಮೊಹರಿಲ್ಲ, ಸಾಕ್ಷಿಯೆಂದರೆ ಪಕ್ಕದಲ್ಲಿ ತೂಕಡಿಸುತ್ತಿರುವ ಸಹಪ್ರಯಾಣಿಕ. ಇದಕ್ಕಿಂತ ಸರಳವಾದ ಸಾಲಪತ್ರವನ್ನು ನಾನಂತೂ ಕಂಡಿಲ್ಲ.

ಆ ಪತ್ರವನ್ನು ಹಿಡಿದವನ ಪಾಡು ಮಾತ್ರ ಅಷ್ಟು ಸರಳವಲ್ಲ. ಕಿಟಕಿಯ ಹೊರಗೆ ರಾಗಿಯ ಹೊಲಗಳು ಸರಿದುಹೋಗುತ್ತಿದ್ದರೂ ಅವನ ಕಣ್ಣು ಕಂಡಕ್ಟರ ಚೀಲದ ಮೇಲೆಯೇ. ಕೇಳಿದರೆ ಜಿಪುಣನೆಂದುಕೊಂಡಾರೆಂಬ ಸಂಕೋಚ; ಕೇಳದಿದ್ದರೆ ಮರೆತಾರೆಂಬ ಭಯ. ಇಳಿಯುವ ಊರು ಹತ್ತಿರವಾದಂತೆಲ್ಲ ಸಂಕೋಚ ಕರಗಿ ಭಯ ಬೆಳೆಯುತ್ತದೆ. ಕೆಲವು ವೇಳೆ ಕಂಡಕ್ಟರು ಒಂದೇ ನೋಟನ್ನು ನೀಡಿ, “ನೀವಿಬ್ಬರೂ ಹಂಚಿಕೊಳ್ಳಿ ಸ್ವಾಮಿ” ಎಂದು ಸೀಟಿ ಊದಿಬಿಡುತ್ತಾರೆ. ಹೀಗೆ ಒಮ್ಮೆ ನನಗೆ ನಿವೃತ್ತ ಉಪಾಧ್ಯಾಯರೊಬ್ಬರ ಪರಿಚಯವಾಯಿತು. ನಾಲ್ಕು ಅಂಗಡಿ ಸುತ್ತಿದರೂ ಚಿಲ್ಲರೆ ಸಿಗಲಿಲ್ಲ. ಕಾಫಿ ಕುಡಿದು ಲೆಕ್ಕ ತೀರಿಸಿಕೊಂಡೆವು.

ಕಂಡಕ್ಟರ ಕಡೆಯಿಂದಲೂ ಒಂದು ಮಾತಿದೆ. ಬೆಳಗಿನ ಮೊದಲ ಬಸ್ಸಿನಲ್ಲಿ ಹತ್ತು ಜನ ಹತ್ತು ದೊಡ್ಡ ನೋಟುಗಳನ್ನು ಚಾಚಿದರೆ ಅವರು ಚಿಲ್ಲರೆಯನ್ನು ಎಲ್ಲಿಂದ ತಂದಾರು? ಸಂಜೆ ಡಿಪೋದಲ್ಲಿ ಟಿಕೇಟಿನ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆಯಾಗಬೇಕು. ಕಡಮೆ ಬಿದ್ದರೆ ಕೈಯಿಂದ ತುಂಬಬೇಕು. ನಡುದಾರಿಯಲ್ಲಿ ತನಿಖೆಯವರು ಹತ್ತಿ, ಟಿಕೇಟಿಲ್ಲದವನೊಬ್ಬನು ಸಿಕ್ಕನೆಂದರೆ ಅವನಿಗೆ ದಂಡ, ಇವರಿಗೂ ವಿಚಾರಣೆ.

ಚಿಲ್ಲರೆಯ ಈ ಜಗಳಕ್ಕೆ ಚರಿತ್ರೆಯೂ ಉಂಟು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು. ಆಗ ಕೊಡುವುದೂ ಕೊಳ್ಳುವುದೂ ಆಣೆಗಳಲ್ಲಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. ನಾಲ್ಕಾಣೆಗೆ 25 ಎಂಬುದು ಸರಿಹೊಂದಿತು, ಒಂದಾಣೆಗೆ ಆರೂಕಾಲು. ಆ ಕಾಲು ನಯಾಪೈಸೆಯನ್ನು ಯಾವ ಟಂಕಸಾಲೆಯೂ ಹೊಯ್ಯಲಿಲ್ಲ. ಇಲಾಖೆ 1961ರ ಆಗಸ್ಟ್ 1ರಂದು ನಿಗಮವಾಯಿತು. 1997ರಲ್ಲಿ ಬೆಂಗಳೂರು ಮಹಾನಗರಕ್ಕೆ ಬೇರೆ ಸಂಸ್ಥೆಯಾಯಿತು. ವಾಯವ್ಯ ಮತ್ತು ಈಶಾನ್ಯ ಭಾಗಗಳಿಗೂ ಪ್ರತ್ಯೇಕ ನಿಗಮಗಳಾದವು. ಬಣ್ಣದ ಟಿಕೇಟಿಗೆ ತೂತು ಹೊಡೆಯುತ್ತಿದ್ದ ಕಾಲ ಹೋಗಿ, ಕೈಯಲ್ಲಿ ಹಿಡಿಯುವ ಯಂತ್ರ ಬಂದಿತು. ಈಗ ಹಲವು ಬಸ್ಸುಗಳಲ್ಲಿ ದೂರವಾಣಿಯನ್ನು ಒಂದು ಚೌಕದ ಚಿತ್ರಕ್ಕೆ ಹಿಡಿದರೆ, ಪೈಸೆ ತಪ್ಪದಂತೆ ಬಾಡಿಗೆ ಸಂದಾಯವಾಗುತ್ತದೆ. ಟಿಕೇಟಿನ ಬೆನ್ನು ಬರಿದಾಗುತ್ತಿದೆ.

ಹಾಗಾದರೆ ಟಿಕೇಟು ಹಣ ಕೊಟ್ಟುದಕ್ಕೆ ರಸೀತಿ ಮಾತ್ರವೆ? ಬಹುಕಾಲ ನಾನೂ ಹಾಗೆಂದೇ ತಿಳಿದಿದ್ದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು, ನಾಡಿನ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ, ವೇಗದೂತ ಬಸ್ಸುಗಳ ಪ್ರಯಾಣ ಉಚಿತವಾದ ಮೇಲೆ ಆ ತಿಳಿವಳಿಕೆ ವಿಸ್ತಾರವಾಯಿತು. ಉಚಿತವಾದರೂ ಅವರಿಗೆ ಟಿಕೇಟು ಉಂಟು; ಅದರ ದರ ಶೂನ್ಯ. ಹಣವಿಲ್ಲದ ಮೇಲೆ ಕಾಗದವೇಕೆ ಎಂದು ಗಂಡಸರು ಕೆಲವರು ನಕ್ಕದ್ದುಂಟು. ಆದರೆ ಆ ಪ್ರಯಾಣದ ಬೆಲೆಯನ್ನು ಸರ್ಕಾರವು ನಿಗಮಕ್ಕೆ ಕೊಡಬೇಕಾದರೆ ಈ ಶೂನ್ಯಗಳನ್ನೇ ಎಣಿಸಬೇಕು. ಯಾವ ಪ್ರಯಾಣವೂ ಬಿಟ್ಟಿಯಲ್ಲ. ಒಬ್ಬರು ಕೊಡದಿದ್ದುದನ್ನು ಬೊಕ್ಕಸದ ಮೂಲಕ ಎಲ್ಲರೂ ಕೊಡುತ್ತಾರೆ. 2025ರ ಜನವರಿ 5ರಿಂದ ದರ ಶೇಕಡ 15ರಷ್ಟು ಏರಿದಾಗ ಗೊಣಗಿದವರಿಗೆ ಈ ಮಾತು ರುಚಿಸದಿದ್ದರೂ ನಿಜವೇ.

ಒಂದು ಸಂಜೆ ಗಿಜಿಗುಟ್ಟುವ ಬಸ್ಸಿನಲ್ಲಿ ಕಂಡಕ್ಟರು ಮುದುಕಿಯೊಬ್ಬಳನ್ನು ದಾಟಿ ಮುಂದೆ ಹೋದರು. ಆಕೆ ಬಿಡಲಿಲ್ಲ. “ಚೀಟಿ ಕೊಡಪ್ಪ. ನಾನೂ ಬಸ್ಸು ಹತ್ತಿದೀನಿ” ಎಂದಳು. ಕಂಡಕ್ಟರು ಹಿಂದಿರುಗಿ, “ತಗೊ ಅಜ್ಜಿ” ಎಂದು ಹರಿದುಕೊಟ್ಟರು. ಆಕೆ ಅದನ್ನು ಮಡಿಸಿ ಎಲೆಅಡಕೆಯ ಚೀಲದಲ್ಲಿಟ್ಟುಕೊಂಡಳು. ಅರ್ಥಶಾಸ್ತ್ರದ ದೊಡ್ಡ ಪುಸ್ತಕಗಳಲ್ಲಿ ನಾನು ತಿಳಿಯದಿದ್ದುದನ್ನು ಆಕೆಯ ಆ ಎರಡನೆಯ ವಾಕ್ಯ ತಿಳಿಸಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ವ್ಯವಹಾರವನ್ನೂ ಓದುಗರು ಬಲ್ಲರು. ಅರ್ಧ ಬಾಡಿಗೆ ಕೊಟ್ಟು, ಟಿಕೇಟು ಬೇಡವೆಂದು ಕಣ್ಸನ್ನೆ ಮಾಡಿ, ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುವುದು. ಐದಾರು ರೂಪಾಯಿ ಉಳಿಯಿತೆಂಬ ಸಂತೋಷ! ಆದರೆ ಆ ಪ್ರಯಾಣಿಕನು ಬಸ್ಸಿನ ಲೆಕ್ಕದಲ್ಲಿ ಹತ್ತಿಯೇ ಇಲ್ಲ. ಒಂದೂರಿನಿಂದ ದಿನವೂ ಮೂವತ್ತು ಜನ ಹತ್ತಿ ಹತ್ತೇ ಟಿಕೇಟು ಹರಿದರೆ, ಮೇಲಿನವರ ಕಣ್ಣಿಗೆ ಅಲ್ಲಿರುವುದು ಹತ್ತೇ ಜನ. “ಕಲೆಕ್ಷನ್ ಇಲ್ಲ” ಎಂಬ ಎರಡು ಮಾತಿಗೆ ಸಂಜೆಯ ಬಸ್ಸು ನಿಂತುಹೋದರೆ, ಅದನ್ನೇ ನಂಬಿ ಪೇಟೆಯ ಕಾಲೇಜಿಗೆ ಹೋಗುವ ಹುಡುಗಿಯ ಓದೂ ನಿಂತೀತು. ಉಳಿಸಿದವನ ಜೇಬಿನ ಐದು ರೂಪಾಯಿಗೆ ಅದರ ಸುದ್ದಿ ತಿಳಿಯದು.

ನಾಡಿನ ಮೂಲೆಯ ಹಳ್ಳಿಗೆ ಬಸ್ಸು ಬರುವುದು ಬರಿಯ ರಸ್ತೆಯಿಂದಲ್ಲ. ಅಲ್ಲಿ ಜನರಿದ್ದಾರೆಂಬ ಪುರಾವೆಯಿಂದ. ಅರ್ಜಿ ಬರೆಯಲು ಬಾರದವರೂ ದಿನವೂ ಬರೆಯಬಹುದಾದ ಅರ್ಜಿ ಈ ಅಂಗೈಯಗಲದ ಕಾಗದ. ಯಂತ್ರದಲ್ಲಿ ಬಂದ ಅದರ ಅಕ್ಷರಗಳು ವಾರದೊಳಗೆ ಮಾಸಿಹೋಗುತ್ತವೆ. ಹೋಗಲಿ; ಎಣಿಕೆಗೆ ಸೇರಿದರೆ ಸಾಕು.