ಡಬ್ಬದ ಮೇಲಿನ ವೇಗ, ಕೋವಿಯಿಂದ ಸಿಗುವ ವೇಗ

ಅಮೆರಿಕದ ವಿಂಚೆಸ್ಟರ್ ಕಂಪನಿ 1956ರಲ್ಲಿ ಆಫ್ರಿಕಾದ ಆನೆ, ಕಾಡೆಮ್ಮೆಗಳ ಬೇಟೆಗೆಂದೇ .458 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಕಾಡತೂಸನ್ನು ಮಾರಾಟಕ್ಕೆ ತಂದಿತು. 500 ಗ್ರೇನ್, ಅಂದರೆ ಸುಮಾರು 32 ಗ್ರಾಂ ತೂಕದ ಗುಂಡು ಸೆಕೆಂಡಿಗೆ 2,100 ಅಡಿಗೂ ಮಿಕ್ಕಿದ ವೇಗದಲ್ಲಿ ಹಾರುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಬೇಟೆಗಾರರ ಕೋವಿಗಳಲ್ಲಿ ಅದು ಎಷ್ಟೋ ಸಲ 2,000 ಅಡಿಯನ್ನೂ ಮುಟ್ಟುತ್ತಿರಲಿಲ್ಲ.

ಕಾರಣ ಕಾಡತೂಸಿನ ಒಳಗೇ ಇತ್ತು. ಸಾಮಾನ್ಯ ಉದ್ದದ ರೈಫಲ್‌ನಲ್ಲಿ ಹಿಡಿಯಬೇಕೆಂದು ಅದರ ಹಿತ್ತಾಳೆ ಕೋಶವನ್ನು ಎರಡೂವರೆ ಇಂಚಿಗೆ ಮೊಟಕು ಮಾಡಿದ್ದರು. ಬೇಕಾದಷ್ಟು ಮದ್ದು ಹಿಡಿಸಲು ಒತ್ತಿ ತುಂಬಬೇಕಾಯಿತು. ಹಾಗೆ ಒತ್ತಿದ ಮದ್ದು ದಿನ ಕಳೆದಂತೆ ಗಟ್ಟಿಯಾಗಿ ಹೆಂಟೆ ಕಟ್ಟುತ್ತಿತ್ತು, ಸರಿಯಾಗಿ ಉರಿಯುತ್ತಿರಲಿಲ್ಲ. ಮೈಮೇಲೆ ನುಗ್ಗಿ ಬರುವ ಕಾಡೆಮ್ಮೆಯ ಮುಂದೆ ನಿಂತವನಿಗೆ ಇದು ಜೀವದ ಪ್ರಶ್ನೆ. ಗುಂಡಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ವೇಗ ಶೇ 10ರಷ್ಟು ಇಳಿದರೆ ಶಕ್ತಿ ಶೇ 19ರಷ್ಟು ಇಳಿಯುತ್ತದೆ. ಜ್ಯಾಕ್ ಲಾಟ್ ಎಂಬ ಅಮೆರಿಕದ ಬೇಟೆಗಾರ 1959ರಲ್ಲಿ ಮೊಜಾಂಬಿಕ್‌ನಲ್ಲಿ ಕಾಡೆಮ್ಮೆಯಿಂದ ತಿವಿಸಿಕೊಂಡರು. ಮುಂದೆ ಅವರು ಕೋಶವನ್ನು 2.8 ಇಂಚಿಗೆ ಹೆಚ್ಚಿಸಿ, ಇನ್ನಷ್ಟು ಬಲದ .458 ಲಾಟ್ ಕಾಡತೂಸನ್ನು ರೂಪಿಸಿದರು. ವಿಂಚೆಸ್ಟರ್ ಕಾಡತೂಸಿನ ದೋಷವೂ ಕ್ರಮೇಣ ಸರಿಹೋಯಿತು. ಕಂಪನಿಯ ಪಟ್ಟಿಯಲ್ಲಿ ಅದರ ವೇಗ 2,040 ಅಡಿಗೆ ಇಳಿಯಿತು.

ಎಲ್ಲ ಕಡೆಯೂ ಇಂಥ ದೋಷವಿರುತ್ತದೆ ಎಂದಲ್ಲ. ಹೆಚ್ಚಿನ ವ್ಯತ್ಯಾಸಕ್ಕೆ ಕಾರಣ ನಳಿಗೆಯ ಉದ್ದ. ಅಮೆರಿಕದ ಕಂಪನಿಗಳು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ವೇಗ ಅಳೆಯುತ್ತವೆ. ಅಂಗಡಿಯಲ್ಲಿ ಸಿಗುವ ರೈಫಲ್‌ನ ನಳಿಗೆ 22 ಇಂಚೋ 20 ಇಂಚೋ ಇರುತ್ತದೆ. ಒಂದೊಂದು ಇಂಚು ಕಡಿಮೆಯಾದಾಗಲೂ ಸುಮಾರು 20ರಿಂದ 50 ಅಡಿ ವೇಗ ಹೋಗುತ್ತದೆ. ಜತೆಗೆ ಚಳಿಯಲ್ಲಿ ಮದ್ದು ನಿಧಾನವಾಗಿ ಉರಿಯುತ್ತದೆ; ಒಂದು ತಯಾರಿಯ ಕಾಡತೂಸಿಗೂ ಇನ್ನೊಂದಕ್ಕೂ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಪಟ್ಟಿಯ ವೇಗಕ್ಕಿಂತ 90 ಅಡಿ ಹೆಚ್ಚು ಕಡಿಮೆಯಾದರೂ ಅಲ್ಲಿನ ಉದ್ಯಮದ ಮಾನದಂಡ ಒಪ್ಪುತ್ತದೆ.

ಬಹುಕಾಲ ಕಂಪನಿ ಹೇಳಿದ ವೇಗವನ್ನು ಪರೀಕ್ಷಿಸಿ ನೋಡುವ ದಾರಿಯೇ ಜನಸಾಮಾನ್ಯರಿಗೆ ಇರಲಿಲ್ಲ. 1925ರಲ್ಲಿ ಬಂದ .270 ವಿಂಚೆಸ್ಟರ್‌ನ 130 ಗ್ರೇನ್ ಗುಂಡಿಗೆ 3,140 ಅಡಿ ಎಂದು ಪ್ರಚಾರ ಮಾಡಿದ್ದರು. ಈಗಿನ ಪಟ್ಟಿಗಳಲ್ಲಿ ಅದು 3,060. ಅಮೆರಿಕದ ಕೆನ್ ಓಹ್ಲರ್ 1960ರ ದಶಕದಲ್ಲಿ ಕೈಗೆಟುಕುವ ಬೆಲೆಯ ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಸಾಧನ, ತಯಾರಿಸಿದ ಮೇಲೆ ಹವ್ಯಾಸಿಗಳೂ ಅಳೆಯತೊಡಗಿದರು.

ನಳಿಗೆಯ ಮುಂದೆ ಎರಡು ಬೆಳಕಿನ ಸಂವೇದಕಗಳನ್ನು ಅಂತರ ಬಿಟ್ಟು ನಿಲ್ಲಿಸುತ್ತಾರೆ. ಗುಂಡಿನ ನೆರಳು ಮೊದಲನೆಯದನ್ನು ದಾಟಿದಾಗ ಗಡಿಯಾರ ಶುರುವಾಗುತ್ತದೆ, ಎರಡನೆಯದನ್ನು ದಾಟಿದಾಗ ನಿಲ್ಲುತ್ತದೆ. 3,000 ಅಡಿ ವೇಗದ ಗುಂಡಿಗೆ ಎರಡು ಅಡಿ ದಾಟಲು ಒಂದು ಸೆಕೆಂಡಿನ 1,500ನೇ ಒಂದು ಭಾಗ ಸಾಕು. ಆ ಎರಡಡಿ ಅಂತರದಲ್ಲಿ ಕಾಲು ಇಂಚು ತಪ್ಪಿದರೂ ಲೆಕ್ಕದಲ್ಲಿ 30 ಅಡಿ ಏರುಪೇರು! ಹಾಗಾಗಿ ಒಂದೇ ಈಡಿನ ಅಂಕಿ ಹಿಡಿದು ಕಂಪನಿಯನ್ನು ದೂರುವುದು ಸರಿಯಲ್ಲ. ಹತ್ತಿಪ್ಪತ್ತು ಈಡು ಹೊಡೆದು ಸರಾಸರಿ ತೆಗೆಯಬೇಕು. ಈಗ ಡಾಪ್ಲರ್ ರೇಡಾರ್ ಸಾಧನಗಳು ಬಂದು ಈ ಕೆಲಸ ಹಗುರಾಗಿದೆ.

ಪರೀಕ್ಷೆಯ ನಳಿಗೆ ಎಷ್ಟು ಉದ್ದದ್ದು ಎಂಬುದನ್ನು ಹಲವು ಕಂಪನಿಗಳು ತಮ್ಮ ಪಟ್ಟಿಗಳಲ್ಲಿ ಕೊಡುತ್ತವೆ. ಆದರೆ ಕೊಳ್ಳುವವನ ಕೈಗೆ ಮೊದಲು ಬರುವುದು ಡಬ್ಬ. ವೇಗದ ಅಂಕಿ ಇರುವ ಪ್ರತಿಯೊಂದು ಡಬ್ಬದ ಮೇಲೂ, ಅದರ ಪಕ್ಕದಲ್ಲೇ, ನಳಿಗೆಯ ಉದ್ದವನ್ನೂ ಎಲ್ಲ ಕಂಪನಿಗಳು ಅಚ್ಚು ಹಾಕಬೇಕು.